ಒಂದೇ ದಿನ ನಾಲ್ಕು ಪಾಡ್‌ಕಾಸ್ಟ್, ಅದೂ ಬೆಂಗಳೂರಲ್ಲಿ – ಮಾಡಿದವರು ಅನುಭವ ಹೇಳಿ

ಮಳೆಗಾಲದ ಜೋಕರ್, ಮಡಿಕೇರಿ
ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಸ್ಟ್ಯಾಂಡಪ್ ಮಾಡ್ತಿದ್ದೇನೆ. ಹೆಚ್ಚಾಗಿ ಹೋಂಸ್ಟೇಗಳಲ್ಲಿ, ಆಗಾಗ ಮೈಸೂರಲ್ಲಿ. ಈಗ ಒಂದೇ ದಿನಕ್ಕೆ ನಾಲ್ಕು ಪಾಡ್‌ಕಾಸ್ಟ್ ಕರೆ ಬಂದಿದೆ. ಬೆಳಿಗ್ಗೆ 10ಕ್ಕೆ ಬಸವನಗುಡಿ, 1ಕ್ಕೆ ಇಂದಿರಾನಗರ, 4ಕ್ಕೆ ಎಚ್‌ಎಸ್‌ಆರ್, 7.30ಕ್ಕೆ ಹೆಬ್ಬಾಳ. ರಾತ್ರಿ ಬಸ್ಸಿಗೆ ಹೋಗಿ ಮರುದಿನ ರಾತ್ರಿ ಬಸ್ಸಿಗೇ ವಾಪಸ್. ಆಗುತ್ತಾ? ನಾಲ್ಕೂ ಒಪ್ಪಿಕೊಳ್ಳಲಾ?

ಸುಂಟಿಕೊಪ್ಪ ಸೂಟ್‌ಕೇಸ್
ಹೋದ ವರ್ಷ ನಾನು ಮೂರು ಮಾಡಿದೆ. ಇವತ್ತಿಗೂ ಹೊಟ್ಟೆ ಉರಿಯುತ್ತೆ. ಬೆಳಗಿನ ಜಾವ 5ಕ್ಕೆ ಸ್ಯಾಟಲೈಟ್ ಬಸ್ ನಿಲ್ದಾಣದಲ್ಲಿ ಇಳಿದೆ. ಸ್ನಾನಕ್ಕೆ ಅಂತ ಲಾಡ್ಜ್‌ನವನು ಎರಡು ಗಂಟೆಗೆ 600 ಕಿತ್ತುಕೊಂಡ. ಮೊದಲನೆಯವರು ನನ್ನ ಸಣ್ಣ ಗೆರೆ ಅಂಗಿ ನೋಡಿ, ಕ್ಯಾಮೆರಾದಲ್ಲಿ ಗೆರೆ ಕುಣಿಯುತ್ತೆ, ಬದಲಾಯಿಸಿ ಅಂದರು. ಪಕ್ಕದ ಅಂಗಡಿಯಲ್ಲಿ ಬರೀ ಅಂಗಿಗೆ 950. ಆಟೋ ಮಳೆಯಲ್ಲಿ 380. ಎರಡನೆಯ ಕಡೆ ಹಿಂದಿನ ಅತಿಥಿ ಎದ್ದೇ ಇಲ್ಲ, ಮೆಟ್ಟಿಲ ಮೇಲೆ 50 ನಿಮಿಷ ಕೂತೆ. ಆಮೇಲೆ 40 ನಿಮಿಷ ಮಾತಾಡಿದ್ದೀನಿ, ಹುಡುಗ ಬಂದು "ಸಾರ್, ಕಾರ್ಡ್ ತುಂಬಿತ್ತು, ಮೊದಲಿಂದ ಹೇಳ್ತೀರಾ?" ಅಂದ. ನಾನು ತೋಟದಲ್ಲಿ ಆನೆ ಬಂದಾಗ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಹಿಂದೆ ಅಡಗಿದ ಕಥೆ ಹೇಳಿದ್ದೆ. ಅದನ್ನೇ ಎರಡನೇ ಸಲ ಹೇಳಿದಾಗ ಅಲ್ಲಿದ್ದವರು ಯಾರೂ ನಗಲಿಲ್ಲ. ಮೂರನೆಯ ಕಡೆ ಮತ್ತೆ ಅದೇ ಆನೆ. ಆ ಆನೆಗೇ ಬೇಜಾರಾಗಿರಬೇಕು. ಒಟ್ಟು ಖರ್ಚು 4,860. ಕೈಗೆ ಬಂದದ್ದು ಒಂದು ಮಗ್, ಅದರ ಕಿವಿ ಬಸ್ಸಲ್ಲೇ ಮುರಿಯಿತು.

ಗೋಣಿಕೊಪ್ಪ ಅಕ್ಕ
ಬೆಂಗಳೂರಿಗೆ ಯಾಕೆ ಹೋಗಬೇಕು ಅಂತ ನನಗೆ ಅರ್ಥವೇ ಆಗಲ್ಲ. ನಾನು ಮನೆಯ ಹಿಂದಿನ ಉಗ್ರಾಣವನ್ನೇ ಸ್ಟುಡಿಯೋ ಮಾಡಿದೆ. ಮೈಕು, ಇಂಟರ್‌ಫೇಸು, ಹೆಡ್‌ಫೋನು, ಯುಪಿಎಸ್ಸು ಸೇರಿ 38,000. ಗೋಡೆಗೆ ಹಳೇ ಕಂಬಳಿ, ಹಾಸಿಗೆ, ಕಾಫಿ ಗೋಣಿಚೀಲ. ಗೋಣಿಚೀಲದಿಂದ ಪ್ರತಿಧ್ವನಿ ಎಷ್ಟು ಕಡಿಮೆಯಾಯಿತೋ ನನಗೆ ತಿಳಿಯದು, ಕೆಮ್ಮು ಮಾತ್ರ ಜಾಸ್ತಿ ಆಯ್ತು. ಅದು ಬಿಡಿ. ಜೂನ್ ಬಂತು. ಶೀಟಿನ ಮಾಡು. ಮಳೆ ಬಿದ್ದರೆ ಯಾರೋ ಮೇಲೆ ಕೂತು ಹುರಿಗಡಲೆ ಸುರಿದಂತೆ ಸದ್ದು. ಶೀಟಿನ ಕೆಳಗೆ ಥರ್ಮಾಕೋಲ್ ಹಾಕಿಸಿದೆ, 7,200. ಆಮೇಲೆ ಜೀರುಂಡೆ. ಅದನ್ನು ಯಾವ ಸಾಫ್ಟ್‌ವೇರೂ ಪೂರ್ತಿ ತೆಗೆಯಲ್ಲ. ಕರೆಂಟ್ ಹೋದರೆ ಪಕ್ಕದವರ ಜನರೇಟರ್. ಮೂರು ತಿಂಗಳಲ್ಲಿ ಒಂದೇ ಸಂಚಿಕೆ ಆಯ್ತು. ಆದರೂ ಯಾರ ಮೆಟ್ಟಿಲ ಮೇಲೂ ಕೂರಲಿಲ್ಲ.

ಸುಂಟಿಕೊಪ್ಪ ಸೂಟ್‌ಕೇಸ್
ಅಕ್ಕಾ, ಮೆಟ್ಟಿಲ ಮಾತು ನನಗೇ ಅಂತ ಗೊತ್ತಾಯ್ತು. ನಿಮ್ಮ ಆ ಒಂದು ಸಂಚಿಕೆ ಎಷ್ಟು ಜನ ಕೇಳಿದರು?

ಗೋಣಿಕೊಪ್ಪ ಅಕ್ಕ
212 ಜನ. ನಿಮ್ಮ ಆನೆಯನ್ನು ಮೂರು ಕಡೆ ಸೇರಿ ಎಷ್ಟು ಜನ ನೋಡಿದರು ಅಂತ ನಾನು ಕೇಳಿದೆನಾ?

ವಿರಾಜಪೇಟೆ ಟೈಂಟೇಬಲ್
ಇಬ್ಬರೂ ದಾರಿಯ ಲೆಕ್ಕವೇ ಹಾಕಿಲ್ಲ. ಕೊಡಗಿಗೆ ರೈಲಿಲ್ಲ, ಹಾಗಾಗಿ ಬಸ್ಸೇ ಗತಿ, ಸರಿ. ಆದರೆ ಬೆಂಗಳೂರೊಳಗೆ ಆಟೋ ಯಾಕೆ? ಸ್ಯಾಟಲೈಟ್ ಹತ್ತಿರ ದೀಪಾಂಜಲಿ ನಗರ ಮೆಟ್ರೋ ಹತ್ತಿ. ನೇರಳೆ ಲೈನು. ಮೆಜೆಸ್ಟಿಕ್‌ನಲ್ಲಿ ಹಸಿರಿಗೆ ಬದಲಾಯಿಸಿ ನ್ಯಾಷನಲ್ ಕಾಲೇಜು, ಬಸವನಗುಡಿ ಆಯ್ತು. ವಾಪಸ್ ಮೆಜೆಸ್ಟಿಕ್, ಅಲ್ಲಿಂದ ನೇರಳೆಯಲ್ಲೇ ಇಂದಿರಾನಗರ. ಎಚ್‌ಎಸ್‌ಆರ್‌ಗೆ ಆರ್‌.ವಿ. ರಸ್ತೆಯಲ್ಲಿ ಹಳದಿ ಲೈನ್ ಹಿಡಿದು ಸಿಲ್ಕ್ ಬೋರ್ಡ್. 2025ರ ಆಗಸ್ಟ್‌ನಲ್ಲಿ ಅದು ಶುರುವಾದ ಹೊಸತರಲ್ಲಿ ನಾನು ಹೋಗಿದ್ದೆ, 25 ನಿಮಿಷಕ್ಕೊಂದು ಗಾಡಿ. ಪ್ಲಾಟ್‌ಫಾರಂ ಮೇಲೇ ನನ್ನ ಇಡೀ ಸೆಟ್ ಒಂದು ಸಲ ಹೇಳಿಕೊಂಡೆ. ಪಕ್ಕದ ಅಜ್ಜಿ ದೂರ ಸರಿದು ನಿಂತರು. ಹೆಬ್ಬಾಳಕ್ಕೆ ಮಾತ್ರ ಮೆಟ್ರೋ ಇಲ್ಲ, ಸಂಜೆ ಫ್ಲೈಓವರ್ ಮೇಲೆ ನನಗೆ 1 ಗಂಟೆ 20 ನಿಮಿಷ ಹೋಯ್ತು. ಅಲ್ಲಿಗೆ ಮುಟ್ಟುವಾಗ ಆತಿಥೇಯರೇ ಊಟಕ್ಕೆ ಹೊರಟಿದ್ದರು.

ಕುಶಾಲನಗರ ಬುಲೆಟ್
ಬಸ್ಸು, ಮೆಟ್ರೋ ಎಲ್ಲ ಯಾಕೆ, ನಾನು ಬೈಕಲ್ಲೇ ಹೋಗಿ ಬಂದೆ.

ವಿರಾಜಪೇಟೆ ಟೈಂಟೇಬಲ್
ಮೈಸೂರು–ಬೆಂಗಳೂರು ಎಕ್ಸ್‌ಪ್ರೆಸ್‌ವೇಯಲ್ಲಿ ಬೈಕಿಗೆ 2023ರ ಆಗಸ್ಟ್‌ನಿಂದಲೇ ಪ್ರವೇಶ ಇಲ್ಲ ಮಾರಾಯ.

ಕುಶಾಲನಗರ ಬುಲೆಟ್
ಸರ್ವಿಸ್ ರಸ್ತೆ ಇದೆಯಲ್ಲ. ಹಂಪ್ ಎಣಿಸುತ್ತಾ ಹೋದೆ. ಮದ್ದೂರಲ್ಲಿ ವಡೆ ತಿಂದೆ. ಟೋಲ್ ಕಟ್ಟದೆ ಹೋದವನು ನಾನೊಬ್ಬನೇ ಇಲ್ಲಿ.

ವಿರಾಜಪೇಟೆ ಟೈಂಟೇಬಲ್
ಬೆನ್ನಿಗೆ ಫಿಸಿಯೋಥೆರಪಿ ಎಷ್ಟಾಯ್ತು ಅದನ್ನೂ ಬರಿ.

ಅರೆಬಾಸೆ ಹುಡುಗ, ಭಾಗಮಂಡಲ
ದಾರಿ, ದುಡ್ಡು ಬಿಡಿ. ಒಳಗೆ ಕೂತ ಮೇಲೆ ಏನು ಕೇಳ್ತಾರೆ ಅದನ್ನು ಯಾರೂ ಹೇಳಲಿಲ್ಲ. ನಾನು ಎರಡು ಕಡೆ ಹೋದೆ. ಎರಡೂ ಕಡೆ ಮೊದಲ ಪ್ರಶ್ನೆ: "ಒಂದೆರಡು ಮಾತು ಕೊಡವ ಭಾಷೆಯಲ್ಲಿ ಹೇಳಿ." ನಮ್ಮ ಮನೆ ಮಾತು ಅರೆಭಾಷೆ ಅಂದೆ. (ಅದು ಕನ್ನಡದ್ದೇ ಒಂದು ಬಗೆ, ಕೊಡವ ಭಾಷೆಯಲ್ಲ.) "ಓ, ಅಂದ್ರೆ ಅರ್ಧ ಕೊಡವ ಭಾಷೆನಾ?" ಅಂದರು. ನಕ್ಕುಬಿಟ್ಟೆ, ನಗಬಾರದಿತ್ತು. ಆ ತುಣುಕೇ ಎಲ್ಲ ಕಡೆ ಓಡಿತು, ನಮ್ಮ ಚಿಕ್ಕಪ್ಪ ಮೂರು ವಾರ ಮಾತು ಬಿಟ್ಟರು. ಎರಡನೇ ಪ್ರಶ್ನೆ ಪಂದಿಕರಿ. ಮೂರನೆಯದು ಕೋವಿ. ನಾನು ಬರೆದುಕೊಂಡು ಹೋದ 11 ಜೋಕಲ್ಲಿ ಎರಡು ಮಾತ್ರ ಹೊರಬಂತು.

ಪೊನ್ನಂಪೇಟೆ ಪುತ್ತರಿ
ಕೋವಿ ಕೇಳಿದರೆ ತಪ್ಪೇನು? ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳೋದು ನಮ್ಮ ಕೊಡವರ ಹಕ್ಕು, ಹೆಮ್ಮೆಯಿಂದ ಹೇಳಬೇಕು.

ಅರೆಬಾಸೆ ಹುಡುಗ, ಭಾಗಮಂಡಲ
ಕೊಡವರಿಗೆ ಮಾತ್ರ ಅಲ್ಲ ಅಕ್ಕಾ. ಜಮ್ಮಾ ಹಿಡುವಳಿದಾರರಿಗೂ, ಅಂದರೆ ಕೊಡಗಿನ ವಂಶಪಾರಂಪರ್ಯ ಜಮೀನಿನವರಿಗೂ, ಲೈಸೆನ್ಸ್ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ 2029ರ ಅಕ್ಟೋಬರ್ ತನಕ ಮುಂದುವರಿಸಿತು. ಓದಿ ಬನ್ನಿ.

ಪೊನ್ನಂಪೇಟೆ ಪುತ್ತರಿ
ಓದಿದ್ದೇನೆ. ನಾನು ಜಮ್ಮಾದವರಿಗೆ ಇಲ್ಲ ಅಂದೆನಾ? ಕೈಲ್‌ಪೊಳ್ದ್‌ಗೆ, ನಮ್ಮ ಆಯುಧ ಪೂಜೆ ಹಬ್ಬಕ್ಕೆ, ಬನ್ನಿ ನಮ್ಮಲ್ಲಿಗೆ, ಅಲ್ಲೇ ಮಾತಾಡುವ.

ಗೋಣಿಕೊಪ್ಪ ಅಕ್ಕ
ನೋಡಿದಿರಾ, ಇದಕ್ಕೇ ಹೇಳಿದ್ದು. ಮನೆಯಲ್ಲೇ ರೆಕಾರ್ಡ್ ಮಾಡಿದರೆ ಪ್ರಶ್ನೆಯೂ ನಮ್ಮದೇ.

ಸುಂಟಿಕೊಪ್ಪ ಸೂಟ್‌ಕೇಸ್
ಕೇಳುವವರೂ ನಮ್ಮವರೇ. 212.

ಗೋಣಿಕೊಪ್ಪ ಅಕ್ಕ
ಈಗ 214. ನಿಮ್ಮಿಂದಾಗಿ ಇಬ್ಬರು ಹೋಗಿ ಕೇಳಿ ಬಂದರು.

ಮಳೆಗಾಲದ ಜೋಕರ್, ಮಡಿಕೇರಿ
ಎಲ್ಲರಿಗೂ ಥ್ಯಾಂಕ್ಸ್. ಯಾರೂ ಹೌದು ಅಂತಲೂ ಹೇಳಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. ಹೆಬ್ಬಾಳದವರಿಗೆ ಬೇರೆ ದಿನ ಬರ್ತೀನಿ ಅಂತ ಮೆಸೇಜ್ ಹಾಕಿದೆ. ಗೆರೆ ಇಲ್ಲದ ಅಂಗಿ ಎರಡು ತೆಗೆದಿಟ್ಟಿದ್ದೇನೆ. ಪ್ರತಿ ಕಡೆಗೆ ಬೇರೆ ಬೇರೆ ಕಥೆ ಅಂತ ಚೀಟಿ ಬರೆದುಕೊಂಡೆ. ಆನೆ ಒಂದು ಕಡೆ ಮಾತ್ರ.

ವಿರಾಜಪೇಟೆ ಟೈಂಟೇಬಲ್
ಬಿಟ್ಟರೆ ಎಚ್‌ಎಸ್‌ಆರ್ ಬಿಡಬೇಕಿತ್ತು. ಹೆಬ್ಬಾಳದವರದ್ದೇ ಅಲ್ವಾ ದೊಡ್ಡ ಚಾನೆಲ್?

ಸುಂಟಿಕೊಪ್ಪ ಸೂಟ್‌ಕೇಸ್
ಆನೆ ನನ್ನದು. ಬೇರೆ ಪ್ರಾಣಿ ನೋಡಿಕೊಳ್ಳಿ.