ಸದಸ್ಯರು ಒಳಗೋ ಹೊರಗೋ?

ದೊಡ್ಡಪ್ಪ: [ಫಾರ್ವರ್ಡ್ ಆದ ಚಿತ್ರ] ದಿನಕ್ಕೊಂದು ಇಂಗ್ಲಿಷ್ ಪದ. ರಿಸ್ಟ್ರಿಕ್ಟ್ = ನಿಷೇಧಿಸು. ಉದಾಹರಣೆ: ‘ಎಂಟ್ರಿ ರಿಸ್ಟ್ರಿಕ್ಟೆಡ್ ಟು ಮೆಂಬರ್ಸ್’ = ಸದಸ್ಯರಿಗೆ ಪ್ರವೇಶ ನಿಷೇಧ.

ದೊಡ್ಡಪ್ಪ: ಚೆನ್ನಾಗಿದೆ. ಮಕ್ಕಳಿಗೆಲ್ಲ ಬರೆದಿಟ್ಟುಕೊಳ್ಳೋಕೆ ಹೇಳಿ.

ನಾನು: ದೊಡ್ಡಪ್ಪ, ದಯವಿಟ್ಟು ಬರೆಸಬೇಡಿ. ಅರ್ಥ ಪೂರ್ತಿ ಉಲ್ಟಾ ಆಗಿದೆ. ಸದಸ್ಯರಿಗೆ ಮಾತ್ರ ಪ್ರವೇಶ ಅಂತ ಆ ಸಾಲಿನ ಅರ್ಥ.

ದೊಡ್ಡಪ್ಪ: ರಿಸ್ಟ್ರಿಕ್ಷನ್ ಅಂದರೆ ನಿರ್ಬಂಧ ತಾನೇ? ಪೇಪರಿನಲ್ಲೂ ಹಾಗೇ ಬರುತ್ತದೆ. ಸದಸ್ಯರಿಗೆ ನಿರ್ಬಂಧ ಅಂದ ಮೇಲೆ ಅವರು ಹೋಗುವ ಹಾಗಿಲ್ಲ.

ನಾನು: ತೊಡಕು ಇರೋದೇ ಅಲ್ಲಿ. ಕನ್ನಡದಲ್ಲಿ ‘ಸದಸ್ಯರಿಗೆ ನಿರ್ಬಂಧ’ ಅಂದರೆ ತಡೆ ಬಿದ್ದಿದ್ದು ಸದಸ್ಯರ ಮೇಲೆ. ಇಂಗ್ಲಿಷಿನ ‘ಟು’ ಇಲ್ಲಿ ಗಡಿ ಹಾಕುತ್ತದೆ. ಪ್ರವೇಶ ಇಷ್ಟು ಜನಕ್ಕೆ, ಅದರಾಚೆ ಇಲ್ಲ ಅಂತ. ಆ ‘ಟು’ ಬದಲು ಕಣ್ಣು ಮುಚ್ಚಿಕೊಂಡು ‘ಗೆ’ ಹಾಕಿದರೆ ಒಳಗೆ ಇರಬೇಕಾದವರು ಹೊರಗೆ ನಿಲ್ಲುತ್ತಾರೆ. ‘ಸದಸ್ಯರಿಗೆ ಸೀಮಿತ’ ಅನ್ನಿ. ಇಲ್ಲ ಸುಮ್ನೆ ‘ಮಾತ್ರ’ ಅನ್ನಿ, ಸಾಕು.

ಶೋಭತ್ತೆ: ನನಗೆ ಇಬ್ಬರದ್ದೂ ಸರಿ ಅನ್ನಿಸುತ್ತಿದೆ. ಒಂದೇ ಮಾತಿನಲ್ಲಿ ಹೇಳಪ್ಪ, ರಿಸ್ಟ್ರಿಕ್ಟ್ ಅಂದರೆ ಬಿಡ್ತಾರೋ ಬಿಡಲ್ವೋ?

ಕಿರಣ್: ಅತ್ತೆ, ಇನ್‌ಸ್ಟಾಗ್ರಾಂ ನೋಡಿ. ಬ್ಲಾಕ್ ಬೇರೆ, ರಿಸ್ಟ್ರಿಕ್ಟ್ ಬೇರೆ. ಬ್ಲಾಕ್ ಮಾಡಿದರೆ ಅವರಿಗೆ ನಿಮ್ಮ ಪೋಸ್ಟೇ ಕಾಣಿಸಲ್ಲ. ರಿಸ್ಟ್ರಿಕ್ಟ್ ಮಾಡಿದರೆ ಪೋಸ್ಟ್ ಕಾಣುತ್ತದೆ, ಕಾಮೆಂಟೂ ಹಾಕಬಹುದು. ನೀವು ಒಪ್ಪುವ ತನಕ ಆ ಕಾಮೆಂಟ್ ಬೇರೆಯವರಿಗೆ ಕಾಣಲ್ಲ, ಅಷ್ಟೇ. 2019ರಿಂದ ಇದೆ.

ದೊಡ್ಡಪ್ಪ: ಅದು ಫೋನಿನ ಭಾಷೆ ಕಣೋ. ಬೋರ್ಡಿನ ಭಾಷೆಗೆ ತರಬೇಡ.

ನಾನು: ಫೋನ್ ಬಿಡಿ, ವಿಮಾನ ಹಾರಿಸುವವರ ನಕ್ಷೆ ತಗೊಳ್ಳಿ. ಅದರಲ್ಲಿ ‘ಪಿ’ ಬೇರೆ, ‘ಆರ್’ ಬೇರೆ. ಪಿ ಅಂದರೆ ಪ್ರೊಹಿಬಿಟೆಡ್, ಅಲ್ಲಿ ಹಾರುವ ಹಾಗೇ ಇಲ್ಲ. ಆರ್ ಅಂದರೆ ರಿಸ್ಟ್ರಿಕ್ಟೆಡ್, ಷರತ್ತಿಗೆ ಒಳಪಟ್ಟು ಹಾರಬಹುದು. ಅಮೆರಿಕದ ಸಿನಿಮಾಗಳಿಗೂ ಹೀಗೇ. ‘ಆರ್’ ಅಂತ ಇದ್ದರೆ 17 ತುಂಬದವರು ಅಪ್ಪ ಅಮ್ಮನ ಜೊತೆ ಹೋಗಿ ನೋಡಬಹುದು. ಮಕ್ಕಳನ್ನು ಬಿಡೋದೇ ಇಲ್ಲ ಅನ್ನೋದಕ್ಕೆ 1990ರಿಂದ ‘ಎನ್‌ಸಿ-17’ ಅಂತ ಬೇರೆ ಗುರುತೇ ಇದೆ.

ನಾನು: ಇನ್ನೊಂದು ಮಾತು. ಈ ಪದ ಬಂದಿದ್ದು ಲ್ಯಾಟಿನ್‌ನಿಂದ. ಹಿಂದಕ್ಕೆ ಎಳೆದು ಬಿಗಿಯಾಗಿ ಕಟ್ಟುವುದು ಅಂತ ಮೂಲದ ಅರ್ಥ. ನಮ್ಮ ‘ನಿರ್ಬಂಧ’ದಲ್ಲೂ ‘ಬಂಧ’ ಇದೆ ನೋಡಿ! ನನಗೆ ಇದು ತುಂಬಾ ಇಷ್ಟ. ಗೂಟಕ್ಕೆ ಕಟ್ಟಿದ ಹಸು ಹಗ್ಗದ ಉದ್ದಕ್ಕೆ ಮೇಯುತ್ತದೆ, ಅಲ್ವಾ? ಬಾಯಿಗೆ ಕುಕ್ಕೆ ಹಾಕಿದರೆ ಮೇಯೋದೇ ಇಲ್ಲ. ನಿರ್ಬಂಧ ಹಗ್ಗ, ನಿಷೇಧ ಕುಕ್ಕೆ.

ಶೋಭತ್ತೆ: ಈಗ ತಿಳಿಯಿತು.

ದೊಡ್ಡಪ್ಪ: ಹಾಗಾದರೆ ‘ಸ್ಪೀಡ್ ರಿಸ್ಟ್ರಿಕ್ಟೆಡ್ ಟು 40’ ಅಂದರೆ?

ನಾನು: 40ರವರೆಗೆ ಹೋಗಬಹುದು.

ದೊಡ್ಡಪ್ಪ: ಹೂಂ. ಅಲ್ಲಿ 40ಕ್ಕೆ ನಿಷೇಧ ಅಂತ ಯಾರೂ ಓದಲ್ಲ. ಆ ಲೆಕ್ಕ ಒಪ್ಪಿದೆ. ಆದರೆ ಪೇಪರಿನಲ್ಲಿ ‘ನಿರ್ಬಂಧ’ ಅಂತ ಕಂಡರೆ ನಾನು ಬಾಗಿಲು ಹಾಕಿದ್ದಾರೆ ಅಂತಲೇ ಓದೋದು.

ನಾನು: ಕೆಳಗಿನ ಸಾಲನ್ನೂ ಓದಿ ದೊಡ್ಡಪ್ಪ. ಯಾರಿಗೆ, ಎಷ್ಟು ಗಂಟೆಯಿಂದ ಅಂತ ಅಲ್ಲಿರುತ್ತದೆ.

ದೊಡ್ಡಪ್ಪ: ನೋಡೋಣ. ಚಿತ್ರ ಅಳಿಸುತ್ತಿದ್ದೇನೆ.

ಶೋಭತ್ತೆ: ಅಯ್ಯೋ ಅಣ್ಣ, ನಾನು ಆಗಲೇ ಮೂರು ಗುಂಪಿಗೆ ಕಳಿಸಿಬಿಟ್ಟೆ. ಸರಿಯಾದ ಸಾಲು ಯಾರಾದರೂ ಬೇಗ ಬರೆದುಕೊಡಿ.