100 ವ್ಯಾಟಿನ ಬಲ್ಬು ಲೆಕ್ಕ ಹಾಕಿದರೆ 1,260 ವ್ಯಾಟ್ ಬರುತ್ತಿದೆ, ತಪ್ಪೆಲ್ಲಿ?

ತೋಟದಮನೆ:
ಎಲ್ಲರಿಗೂ ನಮಸ್ಕಾರ. ಹೊಸದಾಗಿ ಒಂದು ಮಲ್ಟಿಮೀಟರ್ ತಗೊಂಡಿದ್ದೇನೆ, ಈಗ ಕೈಗೆ ಸಿಕ್ಕಿದ್ದನ್ನೆಲ್ಲ ಅಳೆಯುವ ಹುಚ್ಚು ಹತ್ತಿದೆ. ಕೋಳಿಮರಿಗೆ ಬಿಸಿ ಕೊಡೋಕೆ ಅಂತ ಇಟ್ಟಿದ್ದ ಹಳೇ 100 ವ್ಯಾಟಿನ ಬಲ್ಬು ಇತ್ತು, ತಂತಿ ಬಲ್ಬು. ಅಳೆದರೆ ರೆಸಿಸ್ಟೆನ್ಸು, ಅಂದ್ರೆ ಕರೆಂಟಿಗೆ ತಂತಿ ಒಡ್ಡುವ ತಡೆ, 42 ಓಮ್. ಪಿಯುಸಿಯಲ್ಲಿ ಕಲಿತಿದ್ದು ಇನ್ನೂ ನೆನಪಿದೆ, ವೋಲ್ಟನ್ನು ಓಮ್‌ನಿಂದ ಭಾಗಿಸಿದರೆ ಆಂಪಿಯರ್ ಬರಬೇಕು. 230 ಭಾಗಿಸು 42, ಸುಮಾರು ಐದೂವರೆ ಆಂಪಿಯರ್. ಅದನ್ನು ಮತ್ತೆ 230ರಿಂದ ಗುಣಿಸಿದರೆ 1,260 ವ್ಯಾಟ್! ಇಸ್ತ್ರಿ ಪೆಟ್ಟಿಗೆಗಿಂತ ಜಾಸ್ತಿ. ಮೀಟರ್ ಡಬ್ಬಾನೋ, ನಾನೇ ಡಬ್ಬಾನೋ?

ಇನ್ನೊಂದು. ನೀರು ಕಾಯಿಸೋ ಕಾಯಿಲ್ ಮೇಲೆ 1,500 ವ್ಯಾಟ್ ಅಂತ ಬರೆದಿದೆ. ಆದರೆ ಸಂಜೆ ಹೊತ್ತು ಒಂದು ಬಕೆಟ್ ಕಾಯೋಕೆ ಅರ್ಧ ಗಂಟೆ ಬೇಕು. ಅಂಗಡಿಯವನು ಮೋಸ ಮಾಡಿದನಾ ಅಂತ ಅನುಮಾನ.

ಫ್ಯೂಸ್‌ವೈರ್:
ಇಬ್ಬರೂ ಡಬ್ಬಾ ಅಲ್ಲ ಬಿಡಿ. ನೀವು ಅಳೆದಿದ್ದು ತಣ್ಣಗಿರುವ ಬಲ್ಬನ್ನು, ಲೆಕ್ಕ ಹಾಕಿದ್ದು ಉರಿಯುವ ಬಲ್ಬಿಗೆ. ಒಳಗಿರೋದು ಟಂಗ್‌ಸ್ಟನ್ ತಂತಿ, ಉರಿಯುವಾಗ ಸುಮಾರು 2,500 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಬಿಸಿ ಏರಿದ ಹಾಗೆ ಅದರ ರೆಸಿಸ್ಟೆನ್ಸೂ ಏರುತ್ತದೆ. ಉಲ್ಟಾ ಕಡೆಯಿಂದ ಬನ್ನಿ: 100 ವ್ಯಾಟ್ ಭಾಗಿಸು 230 ಅಂದ್ರೆ 0.43 ಆಂಪಿಯರ್ ಚಿಲ್ಲರೆ. 230ರ ವರ್ಗವನ್ನು 100ರಿಂದ ಭಾಗಿಸಿದರೆ 529 ಓಮ್. ನಿಮ್ಮ 42 ಎಲ್ಲಿ, 529 ಎಲ್ಲಿ, ಹನ್ನೆರಡು ಪಟ್ಟು ಜಾಸ್ತಿ.

ಹಾಗಂತ ನಿಮ್ಮ 1,260 ಪೂರ್ತಿ ಸುಳ್ಳೂ ಅಲ್ಲ. ಸ್ವಿಚ್ ಹಾಕಿದ ಆ ಒಂದು ಕ್ಷಣ ತಂತಿ ತಣ್ಣಗೇ ಇರುತ್ತದಲ್ಲ, ಆಗ ಅಷ್ಟು ಕರೆಂಟು ನುಗ್ಗುತ್ತದೆ, ಕಣ್ಣು ಮಿಟುಕಿಸೋದರೊಳಗೆ ಬಿಸಿಯಾಗಿ ಇಳಿಯುತ್ತದೆ. ಹಳೇ ಬಲ್ಬು ಉರಿಯುತ್ತಿರುವಾಗ ಹೋಗೋದಕ್ಕಿಂತ ಸ್ವಿಚ್ ಹಾಕಿದಾಗ ಟಪ್ ಅಂತ ಹೋಗೋದೇ ಹೆಚ್ಚು, ಗಮನಿಸಿದ್ದೀರಾ?

ರಿವೈಂಡಿಂಗ್_ರಾಯ:
ಕಾಯಿಲ್ ವಿಷಯ ನಾನು ಹೇಳ್ತೀನಿ, ಅಂಗಡಿಯವನನ್ನು ಬಯ್ಯೋ ಮೊದಲು ಸ್ವಲ್ಪ ತಡೀರಿ. ಅದರಲ್ಲಿರೋದು ನೈಕ್ರೋಮ್ ಅನ್ನೋ ಮಿಶ್ರಲೋಹದ ತಂತಿ, ಬಿಸಿಯಾದರೂ ಓಮ್ ಹೆಚ್ಚು ಬದಲಾಗಲ್ಲ, ಹಾಗಾಗಿ ತಣ್ಣಗಿರುವಾಗ ಅಳೆದರೂ ಲೆಕ್ಕ ಸರಿ ಬರುತ್ತೆ. ಪ್ಲಗ್ ಕಿತ್ತು ಕೈಯಲ್ಲಿ ಹಿಡಿದುಕೊಂಡು, ಎರಡು ಸಣ್ಣ ಪಿನ್ನಿನ ನಡುವೆ ಅಳೆಯಿರಿ. 35 ಓಮ್ ಹತ್ತಿರ ಬಂದರೆ ಅದು 1,500 ವ್ಯಾಟೇ. ಹಾಗೇ ಒಂದು ಸಣ್ಣ ಪಿನ್ನಿಗೂ ದಪ್ಪ ಅರ್ತ್ ಪಿನ್ನಿಗೂ ಅಳೆದು ನೋಡಿ, ಅಲ್ಲಿ ಏನೂ ತೋರಿಸಬಾರದು. ತೋರಿಸಿತೋ, ಕಾಯಿಲ್ ಬಿಸಾಕಿ, ನೀರಿಗೆ ಕೈ ಹಾಕಿದರೆ ಶಾಕ್ ಗ್ಯಾರಂಟಿ.

ಇನ್ನು ಅರ್ಧ ಗಂಟೆ ಯಾಕೆ ಅಂದ್ರೆ, ಸಂಜೆ ನಿಮ್ಮ ಕಡೆ ವೋಲ್ಟೇಜ್ ಎಷ್ಟಿರುತ್ತೆ? 180 ಅಂತ ಇಟ್ಕೊಳ್ಳಿ. ವೋಲ್ಟೇಜ್ ಕಾಲು ಭಾಗವೂ ಇಳಿದಿಲ್ಲ ಅಂತ ಅನಿಸುತ್ತೆ, ಆದರೆ ಪವರ್ ವೋಲ್ಟೇಜಿನ ವರ್ಗದ ಜೊತೆ ಇಳಿಯುತ್ತೆ. 180ರ ವರ್ಗ ಭಾಗಿಸು 35.3, ಸುಮಾರು 918 ವ್ಯಾಟ್. 15 ಲೀಟರ್ ನೀರನ್ನು 20 ಡಿಗ್ರಿಯಿಂದ 45ಕ್ಕೆ ತರೋಕೆ 1,500 ವ್ಯಾಟಿಗೆ ಹದಿನೇಳೂವರೆ ನಿಮಿಷ, 918ಕ್ಕೆ ಇಪ್ಪತ್ತೆಂಟೂವರೆ. ಹೊರಗೆ ಹೋಗುವ ಬಿಸಿ ಬೇರೆ. ಆಯ್ತಲ್ಲ ನಿಮ್ಮ ಅರ್ಧ ಗಂಟೆ.

ಒಂದು ಪ್ರಶ್ನೆ: ಪ್ಲಗ್ ಪಿನ್ ಕಪ್ಪಾಗಿದೆಯಾ? ಇದನ್ನು 6 ಆಂಪಿಯರ್ ಸಾಕೆಟ್ಟಿಗೆ ಹಾಕೋರನ್ನು ದಿನಾ ನೋಡ್ತೀನಿ. ಪೂರ್ತಿ ವೋಲ್ಟೇಜ್ ಇದ್ದಾಗ ಆರೂವರೆ ಆಂಪಿಯರ್ ಎಳೆಯುತ್ತೆ ಅದು. ಜಾಯಿಂಟ್ ಸಡಿಲವಾಗಿ ಅರ್ಧ ಓಮ್ ಬಂದರೂ, ಆರೂವರೆಯ ವರ್ಗ ಗುಣಿಸು ಅರ್ಧ, 21 ವ್ಯಾಟ್ ಆ ಒಂದು ಚುಕ್ಕೆಯಲ್ಲೇ ಸುಡುತ್ತೆ. ಸಣ್ಣ ಸೋಲ್ಡರಿಂಗ್ ಐರನ್ ಇದ್ದ ಹಾಗೆ. 16 ಆಂಪಿಯರ್ ಸಾಕೆಟ್ ಹಾಕಿಸಿ.

ತೋಟದಮನೆ:
ರಾಯರೇ, ಅಳೆದೆ. 36 ಓಮ್. ಅರ್ತ್ ಪಿನ್ನಿಗೆ ಏನೂ ಇಲ್ಲ, ಬದುಕಿದೆ. ಸಂಜೆ ಏಳಕ್ಕೆ ವೋಲ್ಟೇಜ್ 196 ಇತ್ತು, ಕಾಯಿಲ್ ಹಾಕಿದ ಕೂಡಲೇ 184ಕ್ಕೆ ಇಳಿಯಿತು. ಯಾವುದನ್ನು ಹಿಡೀಬೇಕು?

ಫ್ಯೂಸ್‌ವೈರ್:
184. ಲೋಡ್ ಮೇಲಿರುವಾಗಿನ, ಅಂದ್ರೆ ಕಾಯಿಲ್ ಕರೆಂಟ್ ಎಳೆಯುತ್ತಿರುವಾಗಿನ ವೋಲ್ಟೇಜೇ ಲೆಕ್ಕಕ್ಕೆ. 5.1 ಆಂಪಿಯರ್, 940 ವ್ಯಾಟ್ ಬರುತ್ತದೆ. ನಂಬಿಕೆ ಇಲ್ಲದಿದ್ದರೆ ಮನೆಯಲ್ಲಿ ಉಳಿದಿದ್ದೆಲ್ಲ ಆಫ್ ಮಾಡಿ, ಕೆಇಬಿ ಮೀಟರಿನ ಕೆಂಪು ದೀಪ ನಿಮಿಷಕ್ಕೆ ಎಷ್ಟು ಸಲ ಮಿಣುಕುತ್ತೆ ಎಣಿಸಿ. ಮೀಟರ್ ಮೇಲೆ ಒಂದು ಯೂನಿಟ್ಟಿಗೆ 3,200 ಅಂತ ಇದ್ದರೆ ಸುಮಾರು 50 ಸಲ ಬರಬೇಕು.

ತೋಟದಮನೆ:
51 ಎಣಿಸಿದೆ!! ಒಂದು ತಪ್ಪಿರಬಹುದು, ಮಗಳು ನಡುವೆ ಮಾತಾಡಿಸಿದಳು. ಈಗ ಫ್ಯಾನ್ ಅಳೀತೀನಿ.

ಕಪಾಸಿಟರ್_ಕಾಕಾ:
ಅಯ್ಯೋ, ನಿಲ್ಲಪ್ಪ ಮಾರಾಯ. ಫ್ಯಾನಿಗೆ ಈ ಲೆಕ್ಕ ನಡೆಯಲ್ಲ. ಅದರೊಳಗೆ ಇರೋದು ವೈಂಡಿಂಗ್, ಅಂದ್ರೆ ಸುತ್ತಿದ ತಂತಿಯ ಸುರುಳಿ. ಎಸಿ ಕರೆಂಟಿಗೆ ಅದು ಒಡ್ಡುವ ತಡೆ ನಿನ್ನ ಮೀಟರ್ ತೋರಿಸುವ ಓಮ್‌ಗಿಂತ ಎಷ್ಟೋ ಜಾಸ್ತಿ. ಆಂಪಿಯರ್ ನೇರವಾಗಿ ಅಳೆದು ವೋಲ್ಟಿಗೆ ಗುಣಿಸಿದರೂ ಬರೋದು ವಿಎ (ವೋಲ್ಟ್-ಆಂಪಿಯರ್), ವ್ಯಾಟ್ ಅಲ್ಲ. ಪವರ್ ಫ್ಯಾಕ್ಟರ್ ಬೇಕು, ಅಂದ್ರೆ ಆ ವಿಎಯಲ್ಲಿ ಎಷ್ಟು ಪಾಲು ನಿಜವಾದ ವ್ಯಾಟ್ ಅನ್ನೋದು. ಎಲ್‌ಇಡಿ ಬಲ್ಬಿಗೂ ಓಮ್ ಇಟ್ಟು ನೋಡಿ ಪ್ರಯೋಜನ ಇಲ್ಲ. ಫ್ಯಾನಿಗೆ ಆ ಕೆಂಪು ದೀಪ ಎಣಿಸೋದೇ ಸಾಕು, ಏನು, ಹತ್ತು ನಿಮಿಷ ಎಣಿಸಬೇಕಾಗುತ್ತೆ ಅಷ್ಟೇ.

ಇನ್ನೊಂದು, ಇದು ಜಗಳ ಅಂತ ಅಂದುಕೊಂಡರೂ ಸರಿ. ಮಲ್ಟಿಮೀಟರಿನ ಕೆಂಪು ವೈರನ್ನು ಅದರ 10 ಆಂಪಿಯರ್ ತೂತಲ್ಲಿ ಬಿಟ್ಟು ಸಾಕೆಟ್ಟಿಗೆ ಕಡ್ಡಿ ಚುಚ್ಚಬೇಡ. ಆಗ ಮೀಟರೇ ಒಂದು ತುಂಡು ತಂತಿ, ನೇರ ಶಾರ್ಟ್. ನಾನು ಒಂದು ಸಲ ಮಾಡಿದ್ದೀನಿ, ಹುಬ್ಬು ಸುಟ್ಟಿತ್ತು.

ತೋಟದಮನೆ:
ಸರಿ ಕಾಕಾ, ಫ್ಯಾನ್ ಮುಟ್ಟಲ್ಲ. ರಾಯರು ಕೇಳಿದ ಪ್ಲಗ್ ಬಿಚ್ಚಿ ನೋಡಿದೆ, ಒಂದು ಪಿನ್ ಕಪ್ಪಗಾಗಿದೆ, ಸ್ಕ್ರೂ ಅರ್ಧ ಸುತ್ತು ಸಡಿಲ. ನಾಳೆ ಪೇಟೆಗೆ ಹೋಗಿ 16 ಆಂಪಿಯರ್‌ದು ತರ್ತೀನಿ, ಇವತ್ತು ಒಲೆ ನೀರು.