ಸಹಾಯ ಬೇಕು: 'ಆತ್ಮಿಕ ಅಧಿಕಾರ' ಪಾಠವನ್ನು ಎಲ್ಲಿಂದ ಶುರು ಮಾಡಬೇಕು?

ಕರ್ತನ ನಾಮದಲ್ಲಿ ವಂದನೆಗಳು. ಯೌವನಸ್ಥರ ಸತ್ಯವೇದ ಅಧ್ಯಯನಕ್ಕೆ 4 ವಾರದ ಪಾಠ ಸಿದ್ಧವಾಗುತ್ತಿದೆ.

ಲೂಕ 10:19ರಿಂದ (ಹಾವು ಚೇಳುಗಳನ್ನು ತುಳಿಯಲು, ವೈರಿಯ ಬಲದ ಮೇಲೆ ಯೇಸು ಶಿಷ್ಯರಿಗೆ ಅಧಿಕಾರ ಕೊಟ್ಟ ವಚನ) ಶುರು ಮಾಡಿದರೆ ಎಲ್ಲರ ಗಮನ ಹಾವು ಚೇಳುಗಳ ಮೇಲೇ ನಿಲ್ಲುತ್ತದೆ, 'ನಿಮ್ಮ ಹೆಸರು ಪರಲೋಕದಲ್ಲಿ ಬರೆದಿದೆ ಎಂದು ಸಂತೋಷಪಡಿರಿ' ಎನ್ನುವ 20ನೇ ವಚನ ಯಾರಿಗೂ ಬೇಡ! ಅಲ್ಲಿ ಶಿಷ್ಯರಿಗೆ ಸಿಕ್ಕಿದ್ದು ಗ್ರೀಕ್ ಮೂಲದಲ್ಲಿ 'ಎಕ್ಸೂಸಿಯಾ', ಅಂದರೆ ಒಪ್ಪಿಸಿಕೊಟ್ಟ ಹಕ್ಕು. ವೈರಿಯದು 'ದುನಾಮಿಸ್', ಬರೀ ಬಲ. ಕೊಟ್ಟವನ ಅಧೀನದಲ್ಲಿ ಇರದಿದ್ದರೆ ಆ ಹಕ್ಕು ನಡೆಯುವುದಿಲ್ಲ. ದೆವ್ವ ಬಿಡಿಸಲು ಹೋದ ಸ್ಕೇವನ 7 ಮಂದಿ ಮಕ್ಕಳು ಯೇಸುವಿನ ಹೆಸರನ್ನೇ ಹೇಳಿದರೂ ಪೆಟ್ಟು ತಿಂದು ಓಡಿದ್ದು ಇದಕ್ಕೇ (ಅಪೊಸ್ತಲರ ಕೃತ್ಯಗಳು 19:13-16). ಯಾಕೋಬ 4:7ರಲ್ಲೂ 'ದೇವರಿಗೆ ಒಳಗಾಗಿರಿ' ಮೊದಲು, ಸೈತಾನನನ್ನು ಎದುರಿಸುವುದು ಆಮೇಲೆ. ಮೊದಲರ್ಧ ಬಿಟ್ಟಾಗ ಉಳಿಯುವುದು ಗಟ್ಟಿ ದನಿಯ ಪ್ರಾರ್ಥನೆ ಮಾತ್ರ.

ಹಾಗಾಗಿ ನಮ್ಮನ್ನು ದೇವರಿಗೆ ಒಪ್ಪಿಸಿಕೊಟ್ಟು ಮನಸ್ಸು ಹೊಸದಾಗುವುದನ್ನು ಹೇಳುವ ರೋಮಾ 12:1-2 ಮೊದಲ ವಾರಕ್ಕೆ ಬರಲಿ ಅನ್ನಿಸುತ್ತದೆ. ತೊಡಕು ಇಲ್ಲೇ. 2ನೇ ವಚನದಲ್ಲಿ 'ಮಾರ್ಪಡು' ಎನ್ನುವುದಕ್ಕೆ ಮೂಲದ ಕ್ರಿಯಾಪದ ಕರ್ಮಣಿ, ವರ್ತಮಾನ: ಬದಲಾಯಿಸುವವನು ದೇವರು, ಕೆಲಸ ನಡೆಯುತ್ತಲೇ ಇರುತ್ತದೆ. 'ಮಾರ್ಪಡಿಸಲ್ಪಡುತ್ತಾ ಇರಿ' ಎಂದರೆ ಬಾಯಿ ತಿರುಗುವುದಿಲ್ಲ, 'ಬದಲಾಗಿ' ಎಂದರೆ ಸ್ವಪ್ರಯತ್ನವಾಗುತ್ತದೆ.

ಆಡುಮಾತಿನಲ್ಲಿ ಇದನ್ನು ಹೇಗೆ ಹೇಳುತ್ತೀರಿ? ಅದೇ ಕ್ರಿಯಾಪದ ಬರುವ 2 ಕೊರಿಂಥ 3:18 ಅದೇ ವಾರಕ್ಕೆ ಸೇರಿಸಬಹುದೇ, ಅಥವಾ ಭಾರವಾಗುತ್ತದೆಯೇ? ಪಾಠ ಮಾಡಿಸಿದವರು ದಯವಿಟ್ಟು ತಿಳಿಸಿ.